ಇಳಿಯುವ ಪಾಸು

“ಕುರಿಗಿ ಯಾರರೆ ಟಿಕೀಟ್ ತೆಗಿತಾರೇನೋ ಧೀರಜ?”

ವಿಶ್ವನಾಥಪ್ಪ ಸಾಹುಕಾರರು ಗಾದಿಯ ಮೇಲೆ ಒರಗಿಕೊಂಡು ಇಷ್ಟು ಅಂದದ್ದೇ ತಡ, ಅಂಗಡಿ ತುಂಬ ನಗೆ ಎದ್ದಿತು. ತೊಗರಿ ಮಾರಲು ಬಂದಿದ್ದ ರೈತರು ನಕ್ಕರು. ಬಾಗಿಲಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ ಹಮಾಲರು ನಕ್ಕರು. ನಿಲಂಗಾದ ದಲ್ಲಾಳಿ ಭೀಮಾಶಂಕರನಿಗಂತೂ ಬಾಯಲ್ಲಿದ್ದ ಚಹಾ ಮೂಗಿಗೇರಿ, ಕೆಮ್ಮುತ್ತ ಕೆಮ್ಮುತ್ತಲೇ ನಕ್ಕ. ನಗದೆ ನಿಂತವನು ಒಬ್ಬನೇ, ಶ್ರೀಮಂತ. ಕುರಿ ಅಂದದ್ದು ಅವನಿಗೆ.

ಶ್ರೀಮಂತನಿಗೆ ಇಪ್ಪತ್ತಮೂರು ವರ್ಷ. ತುರೋರಿಯ ಕುರಿಗಾರ ಮಾಣಿಕಪ್ಪನ ಮಗ. ಎಂಟನೇ ಇಯತ್ತೆಗೆ ಶಾಲೆ ಬಿಟ್ಟು ಕುರಿಯ ಹಿಂದೆ ಹೋದವನು, ಮೂರು ವರ್ಷದಿಂದ ಉಮರ್ಗಾ ಪೇಟೆಯ ಈ ಧಾನ್ಯದ ಅಂಗಡಿಯಲ್ಲಿ ಪಿಕಪ್ ಗಾಡಿ ಓಡಿಸುತ್ತಿದ್ದ. ಆಗಷ್ಟೇ ಗಾಡಿ ನಿಲ್ಲಿಸಿ ಚಾವಿ ಹಿಡಿದುಕೊಂಡು ಒಳಗೆ ಬಂದಿದ್ದ. ನಗೆ ಎದ್ದಾಗ ಒಂದು ಕಾಲು ಹೊಸ್ತಿಲ ಒಳಗಿತ್ತು, ಒಂದು ಹೊರಗಿತ್ತು.

ಮಾತು ಹುಟ್ಟಿದ್ದು ಹೀಗೆ. ಸಾಹುಕಾರರ ಮನೆಯವರು ಏಳು ಮಂದಿ ಮೇ ತಿಂಗಳ ಕೊನೆಗೆ ಹಿಮಾಚಲದ ಕಡೆಯ ಒಂದು ಗುಡ್ಡದೂರಿಗೆ ಹೊರಟಿದ್ದರು. ಅಲ್ಲಿ ಕೆಳಗಿನ ಪೇಟೆಯಿಂದ ಮೇಲಿನ ಹುಲ್ಲುಗಾವಲಿಗೆ ತಂತಿಯ ಮೇಲೆ ತೂಗಿಕೊಂಡು ಹೋಗುವ ಡಬ್ಬಿಗಳಿದ್ದವು. ಗೊಂಡೋಲಾ ಎಂದು ಅದರ ಹೆಸರು. ಡಬ್ಬಿ ಇಳಿದಲ್ಲಿಂದ ಗುಡ್ಡದ ನೆತ್ತಿಯ ಗುಂಟ ನಡೆಯುವ ದಾರಿಗಳು ಶುರುವಾಗುತ್ತಿದ್ದವು. ಪುಣೆಯಲ್ಲಿ ಓದಿ ಬಂದಿದ್ದ ಸಾಹುಕಾರರ ಮಗ ಧೀರಜನಿಗೆ ಐದು ದಿನ, ಐದು ದಾರಿ ನಡೆಯುವ ಹುಚ್ಚು. ಎರಡು ದಿನದಿಂದ ಮೊಬೈಲು ಹಿಡಿದುಕೊಂಡು ಒಂದೇ ರಗಳೆ: ಐದು ದಿನದ ಪಾಸು ತೆಗೆದರೆ ಲಾಭವೋ, ಬೇಕಾದ ದಿನ ಬೇಕಾದಷ್ಟು ಟಿಕೀಟು ತೆಗೆದರೆ ಲಾಭವೋ, ಇಲ್ಲಾ ಬುಡದಿಂದಲೇ ನಡೆದುಬಿಟ್ಟರೆ ಹೇಗೆ?

“ಎಷ್ಟ ಮಂದಿಗಿ ತೆಗಿಲಿ ಪಪ್ಪಾ? ನಾವು ಏಳು, ಶ್ರೀಮಂತ ಒಬ್ಬ. ಎಂಟಲಾ?” ಎಂದು ಧೀರಜ ಕೇಳಿದ್ದ. ಅದಕ್ಕೇ ಆ ಕುರಿಯ ಮಾತು ಬಂದದ್ದು.

“ಅಂವಾ ಹುಟ್ಟಿದ್ದೇ ಗುಡ್ಡ ತಿರಗಲಾಕ,” ಸಾಹುಕಾರರು ನಗೆ ಮುಗಿಯಲು ಬಿಟ್ಟು ಮುಂದುವರಿಸಿದರು. “ಬ್ಯಾಗ್ ಹೊತ್ಕೊಂಡು ಬುಡದಿಂದ ನಡ್ಕೋತ ಬರ್ತಾನ. ನಾವು ತೊಟ್ಟಿಲದಾಗ ಕೂತ್ ಹೋಗಿ, ಮ್ಯಾಲ ಚಾ ಕುಡಿಯೋದ್ರಾಗ ಮುಟ್ಟತಾನ. ಏನೋ ಶ್ರೀಮಂತ್ಯಾ?”

ಶ್ರೀಮಂತನ ಕಿವಿ ಕಾದವು. ಕುರಿಗೆ ಟಿಕೀಟು ತೆಗೆಯುತ್ತಾರೆ ಎಂಬುದು ಅಲ್ಲಿದ್ದವರಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಹೋದ ವರ್ಷ ನಿಲಂಗಾದಿಂದ ಒಂದು ಮರಿಯನ್ನು ಟವೆಲ್ಲಿನಲ್ಲಿ ಸುತ್ತಿ ಎಸ್‌ಟಿ ಬಸ್ಸಿನಲ್ಲಿ ತಂದಾಗ, ಕಂಡಕ್ಟರ್ ಅದು ‘ಮ್ಯಾಂ’ ಅಂದದ್ದು ಕೇಳಿ ಎದ್ದು ಬಂದು ಟಿಕೀಟು ಹರಿದಿದ್ದ. ಆ ಮಾತು ನಾಲಿಗೆಯ ತುದಿಗೆ ಬಂತು. ಆದರೆ ನಗೆಯ ಕೆಳಗೆ ಇನ್ನೊಂದು ಸುದ್ದಿ ಇತ್ತು, ಅದು ಈಗಷ್ಟೇ ತಲೆಗೆ ಇಳಿಯುತ್ತಿತ್ತು. ತಾನೂ ಹೋಗಬೇಕು. ಹತ್ತು ದಿನ. ತನ್ನನ್ನು ಯಾರೂ ಕೇಳಿರಲಿಲ್ಲ.

“ಸಾವ್ಕಾರ್ರೀ, ಉಗಾದಿ ಪಾಡವಾ ದಿನ ನೀವೇ ಅಂದಿದ್ರಿ, ಮೇ ಕಡೀಗಿ ಎಂಟ ದಿವಸ ಬಿಡ್ತೀನಿ ಅಂತ. ಕುರಿಗೋಳ ಉಣ್ಣಿ ಕತ್ತರಸೋದದ್ರೀ.”

“ಉಣ್ಣಿ ಓಡಿ ಹೋಗ್ತದೇನ? ಬಂದ ಮ್ಯಾಲ ಕತ್ತರಸು.”

“ಬಂದ ಮ್ಯಾಲ ಮಿರಗದ ಮಳಿ ಹತ್ತತದ್ರೀ.”

“ಅರೇ ಬಾಬಾ, ಹತ್ತ ದಿವಸ ಥಂಡ ಹವಾ ತಿಂದ ಬಾರಪ. ನಿಮ್ಮಪ್ಪ ಬರ್ಫ ನೋಡ್ಯಾನೇನ? ನೀ ಹೋಗಿ ನೋಡಿ ಬಂದು ಅವನಿಗಿ ಹೇಳು.” ಮತ್ತೆ ನಗೆ. ಆ ನಗೆ ಇನ್ನೂ ಆಡುತ್ತಿರುವಾಗಲೇ ಸಾಹುಕಾರರು ದನಿ ತಗ್ಗಿಸಿ, ಮಗುವಿಗೆ ಹೇಳುವ ಹಾಗೆ ಕೇಳಿದರು: “ನಿಮ್ಮ ಕುರಿಗೋಳು ಈಗ ಯಾರ ಬಾವಿ ನೀರ ಕುಡಿಲತ್ತಾವ? ಗೊತ್ತದಲಾ?”

ಗೊತ್ತಿತ್ತು. ಮಾಣಿಕಪ್ಪನ ನೂರಾ ಇಪ್ಪತ್ತು ಕುರಿ ಈ ಬೇಸಿಗೆ ನಿಂತದ್ದು ತುರೋರಿಯ ಹತ್ತಿರದ ಸಾಹುಕಾರರ ಹೊಲದಲ್ಲಿ. ಹಿಕ್ಕೆ ಹೊಲಕ್ಕೆ, ಬಾವಿಯ ನೀರು ಕುರಿಗೆ. ಬಾಯಿಮಾತಿನ ಒಪ್ಪಂದ. ಸುತ್ತ ಬೇರೆ ಬಾವಿಗಳು ಏಪ್ರಿಲಿಗೇ ತಳ ಕಂಡಿದ್ದವು.

ಇನ್ನೊಂದು ಕಡೆಗೆ ಕತ್ತರಿ. ಬೇಸಿಗೆಯ ಕೊನೆಗೆ, ಮಿರಗದ ಮಳೆ ಹನಿಯುವ ಮೊದಲು ಕುರಿಯ ಮೈಯಿಂದ ಉಣ್ಣೆ ಇಳಿಯಬೇಕು. ಇಲ್ಲದಿದ್ದರೆ ತೊಯ್ದ ಉಣ್ಣೆ ಹಸಿ ಕಂಬಳಿಯ ಹಾಗೆ ಮೈಗೆ ಅಂಟಿ, ಒಳಗೆ ಹುಳ ಬೀಳುತ್ತದೆ. ನೂರಾರು ಕುರಿಯನ್ನು ಒಂದು ಮನೆಯವರೇ ಕತ್ತರಿಸಿ ಮುಗಿಸುವುದು ಆಗದ ಮಾತು. ಅದಕ್ಕೆ ಐದು ಮನೆಯವರು ಮುಯ್ಯಿ ಹಿಡಿಯುತ್ತಾರೆ: ಒಂದೊಂದು ಮನೆಯಿಂದ ಒಬ್ಬೊಬ್ಬ, ಇವತ್ತು ನಿಮ್ಮ ಕುರಿ, ನಾಳೆ ನಮ್ಮ ಕುರಿ. ಈ ವರ್ಷ ಸರಿಯಾಗಿ ಆ ಪ್ರವಾಸದ ದಿನಗಳಲ್ಲೇ, ಮೇ ಇಪ್ಪತ್ತೆರಡನೇ ತಾರೀಖಿಗೆ ಚಿಕ್ಕಪ್ಪ ಕಾಶೆಪ್ಪನ ಹಿಂಡಿನಿಂದ ಶುರು, ಮಾಣಿಕಪ್ಪನದು ಕೊನೆಗೆ. ಬೇರೆಯವರ ಹಿಂಡಿಗೆ ಕತ್ತರಿ ಹಿಡಿದು ಹೋಗದ ಮನೆಗೆ ಯಾರೂ ಬರುವುದಿಲ್ಲ. ಮಾಣಿಕಪ್ಪನ ಬಲಗೈ ಹೆಬ್ಬೆರಳು ಹೋದ ವರ್ಷ ಮೋಟರಿನ ಪಟ್ಟಾದಲ್ಲಿ ಸಿಕ್ಕು, ಮಡಚದ ಹಾಗೆ ನಿಂತುಬಿಟ್ಟಿತ್ತು. ಮನೆಯಲ್ಲಿ ಇನ್ನು ಕತ್ತರಿ ಹಿಡಿಯುವ ಕೈ ಎಂದರೆ ಶ್ರೀಮಂತನದೊಂದೇ.

ಹೋದರೆ ಉಣ್ಣೆ ಕುರಿಯ ಮೈಮೇಲೇ ಉಳಿಯುತ್ತದೆ. ಹೋಗದಿದ್ದರೆ ನೀರು ನಿಲ್ಲುತ್ತದೆ. ಅವನು ಹೊರಗೆ ಬಂದು ಗಾಡಿಯ ಮರೆಗೆ ನಿಂತು ತಂದೆಗೆ ಫೋನು ಹಚ್ಚಿದ.

“ಹೋಗಿ ಬಾರಪಾ,” ಎಂದ ಮಾಣಿಕಪ್ಪ. ಆ ಕಡೆ ಕುರಿ ಒದರುತ್ತಿದ್ದವು. “ಕಾಶೆಪ್ಪನ ಕಾಲ ಹಿಡಿತೀನಿ. ಮುಯ್ಯಿ ಇಲ್ಲದ ಬರ್ರಿ ಅಂತೀನಿ.”

“ನೀ ಯಾರ ಕಾಲೂ ಹಿಡೀಬ್ಯಾಡ.”

“ಸಾವ್ಕಾರ್ರಿಗಿ ಎದುರ ಮಾತಾಡಬ್ಯಾಡ ಮತ್ತ. ನನ್ನ ಆಣಿ ಅದ. ಒಂದ ಮಾತಾಡಬ್ಯಾಡ.”

ಶ್ರೀಮಂತ ಫೋನಿಟ್ಟು, ಹರಿದ ಚೀಲದಿಂದ ಸೆಣಬಿನ ಎಳೆಯೊಂದನ್ನು ಎಳೆದು ಬೆರಳಿಗೆ ಸುತ್ತುತ್ತ ನಿಂತ. ಬೆರಳು ಬೆಳ್ಳಗಾಯಿತು. ಒಳಗಡೆ ಅಪ್ಪ ಮಗನ ಚರ್ಚೆ ಇನ್ನೂ ನಡೆದೇ ಇತ್ತು.

“ಪಾಸ್ ಬ್ಯಾಡ,” ಸಾಹುಕಾರರು ಹೇಳುತ್ತಿದ್ದರು. “ಏರೋದಕ್ಕಷ್ಟೇ ಟಿಕೀಟ್ ತೆಗಿ. ಇಳಿಯೋದು ನಡ್ಕೋತ, ಫುಕಟ ಅದಲಾ! ಹಮಾಲ ಚೀಲ ಹೊತ್ತು ಹಲಗಿ ಏರ್ತಾನ, ಅದಕ್ಕ ಕೂಲಿ. ಖಾಲಿ ಹೆಗಲ ತಗೊಂಡು ಇಳಿತಾನ, ಅದಕ್ಕ ಯಾರ ಕೊಡ್ತಾರ?”

ಮೂವತ್ತು ವರ್ಷ ಚೀಲ ಏರಿಸಿದ ಲೆಕ್ಕ ಅದು. ಆ ಪೇಟೆಯಲ್ಲಿ ಅದನ್ನು ತಪ್ಪು ಅನ್ನುವವರು ಯಾರೂ ಇರಲಿಲ್ಲ. ಭೀಮಾಶಂಕರ “ಬರೋಬರ್” ಎಂದು ತಲೆದೂಗಿದ.

“ಆಯಿ ಇಳಿತಾಳೇನ?” ಎಂದ ಧೀರಜ. ಆಯಿ ಎಂದರೆ ಅವನ ಅಜ್ಜಿ, ಸಾಹುಕಾರರ ತಾಯಿ ಕುಸುಮಬಾಯಿ. ಅರವತ್ತೊಂಬತ್ತು ವರ್ಷ, ಎರಡೂ ಮೊಣಕಾಲಲ್ಲಿ ನೋವು.

“ಶ್ರೀಮಂತ್ಯಾ ಇದ್ದಾನಲಾ. ಹಿಡ್ಕೊಂಡ ಇಳಸ್ತಾನ. ಬ್ಯಾನಿ ಜಾಸ್ತಿ ಆದ್ರ ಹೊತ್ಕೋತಾನ. ಕುರಿ ಹೊರೋ ಮಂದಿಗಿ ಆಯಿ ಏನ ಭಾರ?”

ಆಗ ಶ್ರೀಮಂತನಿಗೆ ಪೂರ್ತಿ ತಿಳಿಯಿತು. ಇಳಿಯುವ ಟಿಕೀಟು ತಾನೇ. ಅದನ್ನು ಉಳಿಸಲಿಕ್ಕೆಂದೇ ತನ್ನನ್ನು ಅಷ್ಟು ದೂರ ಎಳೆದುಕೊಂಡು ಹೋಗುವುದು. ಅದರ ಬೆನ್ನಿಗೇ ಇನ್ನೊಂದು ಹೊಳೆಯಿತು. ಇವರು ಏರಲಿಕ್ಕೂ ಇಳಿಯಲಿಕ್ಕೂ ನಡೆಯುವ ಪಾಸು ತೆಗೆದುಬಿಟ್ಟರೆ? ಆಗ ಶ್ರೀಮಂತ ಯಾಕೆ ಬೇಕು?

ಅವನು ಗುಡ್ಡ ಬಲ್ಲವನು. ಪ್ರತಿ ವರ್ಷ ಹಿಂಡು ಬಾಲಾಘಾಟದ ಕಡೆಗೆ ಹೋಗುತ್ತಿತ್ತು. ಏರುವಾಗ ಕುರಿ ತೇಕುತ್ತದೆ, ನಿಲ್ಲುತ್ತದೆ, ಮತ್ತೆ ಏರುತ್ತದೆ. ಕೆಡುವುದು ಇಳಿಜಾರಿನಲ್ಲಿ. ಮುಂಗಾಲಿನ ಗೊರಸು ಕಲ್ಲಿಗೆ ಒತ್ತಿ ಸೀಳುತ್ತದೆ, ಗಬ್ಬದ ಕುರಿ ಜಾರುತ್ತದೆ. ಘಾಟು ಇಳಿಯುವ ದಿನ ಕುರಿಗಾರರ ಹೆಗಲ ಮೇಲೆ ಒಂದೊಂದು ಕುರಿ ಇದ್ದೇ ಇರುತ್ತದೆ. ಏರುವ ದಿನ ಯಾರ ಹೆಗಲ ಮೇಲೂ ಇರುವುದಿಲ್ಲ.

ಮಧ್ಯಾಹ್ನ ಸಾಹುಕಾರರು ಊಟಕ್ಕೆ ಎದ್ದ ಮೇಲೆ ಅವನು ಧೀರಜನನ್ನು ಹಿಡಿದ. ಇಬ್ಬರೂ ಹೆಚ್ಚೂಕಡಿಮೆ ಒಂದೇ ವಯಸ್ಸು.

“ದಾದಾ, ನೀವು ಗುಡ್ಡ ಏರೀರಿ?”

“ಪುಣೆದಾಗ ನಾಕ ಕಿಲ್ಲೆ ಏರೀನಿ.”

“ಇಳದದ್ದ ಎಷ್ಟು?”

“ಹಾಂ? ಏರದ ಮ್ಯಾಲ ಇಳದೇ ಇಳಿತಾರಲೋ!”

“ಮರುದಿವಸ ಕಾಲ ಹ್ಯಾಂಗಿದ್ದವು?”

“ಒಂದೊಂದೇ ದಿವಸ ಹೋಗಿದ್ದೆ. ಮರುದಿವಸ ಮಲ್ಕೊಂಡಿದ್ದೆ.”

“ಅಲ್ಲಿ ಐದ ದಿವಸ ಅದ.” ಶ್ರೀಮಂತ ಮೇಲಕ್ಕೆ ಕೈ ತೋರಿಸಿದ. ಅಂಗಡಿಯ ಮೇಲೇ ಸಾಹುಕಾರರ ಮೂರು ಮಜಲಿನ ಮನೆ. ಆಯಿಯ ಮೊಣಕಾಲಿಗೆಂದು ಹೋದ ವರ್ಷ ಲಿಫ್ಟ್ ಕೂಡಿಸಿದ್ದರು. “ಸಾವ್ಕಾರ್ರು ಅಂದಂಗೇ ಮಾಡಿ ನೋಡ್ರಿ. ಲಿಫ್ಟದಾಗ ಏರ್ರಿ, ಜೀನಾ ಮೆಟ್ಟಲದಿಂದ ಇಳೀರಿ. ಬೆನ್ನಿಗಿ ಹತ್ತ ಕಿಲೋ ಬ್ಯಾಳಿ. ನಲವತ್ತ ಸಲ.”

“ಇಷ್ಟೇನ? ಇಳಿಯೋದ್ರಾಗ ಏನದ?”

ಇಳಿದ. ಮೊದಲ ಹತ್ತು ಸಲ ಹಾಡು ಗುನುಗುತ್ತ ಇಳಿದ. ಶ್ರೀಮಂತ ಮೆಟ್ಟಿಲ ಬುಡದಲ್ಲಿ ಕೂತು, ಪ್ರತಿ ಸಲಕ್ಕೂ ಒಂದೊಂದು ತೊಗರಿ ಕಾಳನ್ನು ಪಕ್ಕಕ್ಕೆ ಇಡುತ್ತಿದ್ದ. ಗದ್ದಲ ಕೇಳಿ ಕುಸುಮಬಾಯಿ ಎರಡನೇ ಮಜಲಿನ ಬಾಗಿಲಿಗೆ ಬಂದರು.

“ಏನ್ ಹುಚ್ಚ ಹಿಡದದೋ ಇವನಿಗಿ?”

“ಇಳಿಯೋದ ಕಲಿಲತ್ತಾರ ಆಯಿ,” ಎಂದ ಶ್ರೀಮಂತ.

“ನನಗ ಕೇಳಬೇಕಿತ್ತು ಅದನ್ನ! ಏರೋದು ಹ್ಯಾಂಗರೆ ಏರ್ತೀನಿ ಬಾಬಾ, ಕಠಡಾ ಹಿಡ್ಕೊಂಡು. ಇಳಿಯೋದು ನನ್ನ ಜೀವಾ ತೆಗಿತದ. ಮೊನ್ನಿ ಲೈಟ್ ಹೋದಾಗ ಮ್ಯಾಲೇ ಕೂತಿದ್ದೆ ಸಂಜಿ ತನಕ. ಯಾರಿಗರೆ ಖಬರ ಅದೇನ?”

ನಲವತ್ತು ಕಾಳು ಆದವು. ಧೀರಜ ಬೆವರು ಒರೆಸಿಕೊಂಡು, “ಬಸ್? ಏನೂ ಆಗಿಲ್ಲಲೋ,” ಎಂದು ನಕ್ಕ.

“ನಾಳಿ ಮುಂಜಾನಿ ಮಾತಾಡಮು ದಾದಾ.”

ಮರುದಿನ ಮುಂಜಾನೆ ಎಂಟಕ್ಕೆ ಧೀರಜ ಮೆಟ್ಟಿಲು ಇಳಿದದ್ದನ್ನು ಹಮಾಲರು ಚೀಲ ಇಳಿಸಿಟ್ಟು ನೋಡಿದರು. ಲೈಟು ಹೋಗಿತ್ತು, ಲಿಫ್ಟ್ ಇರಲಿಲ್ಲ. ಅವನು ಮೆಟ್ಟಿಲ ಪಕ್ಕದ ಕಠಡಾಕ್ಕೆ ಎರಡೂ ಕೈ ಕೊಟ್ಟು, ಬೆನ್ನು ಮುಂದೆ ಮಾಡಿ, ನಿಚ್ಚಣಿಕೆ ಇಳಿಯುವವರ ಹಾಗೆ ಹಿಮ್ಮುಖವಾಗಿ ಇಳಿಯುತ್ತಿದ್ದ. ತೊಡೆ ನಡುಗುತ್ತಿದ್ದವು. ಕೊನೆಯ ಮೆಟ್ಟಿಲಲ್ಲಿ ಕೂತೇಬಿಟ್ಟ.

“ಪಪ್ಪಾ, ಪಾಸ್ ತೆಗಿತೀನಿ. ಐದು ದಿವಸದ್ದು, ಎರಡೂ ಕಡಿದು,” ಎಂದ. “ಏರೋದು ಬೇಕಾದ್ರ ನಡದು ಏರಮು. ಇಳಿಯೋದು ಮಾತ್ರ ಡಬ್ಬ್ಯಾಗೇ. ಹವಾ ಜಾಸ್ತಿ ಆದ ದಿವಸ ಬಂದ್ ಇಡ್ತಾರಂತ, ಆ ದಿವಸ ಪ್ಯಾಟಿ ತಿರಗಮು. ನಾಕ ದಿವಸ ಹೋದ್ರೂ ಪಾಸ್ ವಸೂಲ್ ಆಗ್ತದ.”

ಸಾಹುಕಾರರು ಮಗನ ಕಾಲು ನೋಡಿದರು, ಮೇಲೆ ಸಿಕ್ಕಿಬಿದ್ದು ಕೂಗುತ್ತಿದ್ದ ತಾಯಿಯ ದನಿ ಕೇಳಿದರು. “ತೆಗಿ ಬಿಡು. ಇದೇನ ಖಟ್‌ಪಟ್ ಹಚ್ಚೀರಿ ಮುಂಜಾನಿ ಎದ್ದು,” ಎಂದರು.

ಶ್ರೀಮಂತನ ಎದೆಯ ಮೇಲಿನ ಚೀಲ ಯಾರೋ ಇಳಿಸಿದ ಹಾಗಾಯಿತು. ಎರಡೂ ಕಡೆಯ ಪಾಸು ಅಂದ ಮೇಲೆ ಆಯಿಯನ್ನು ಹೊರುವ ಹೆಗಲು ಬೇಕಿಲ್ಲ. ಬ್ಯಾಗು ಡಬ್ಬಿಯಲ್ಲೇ ಬರುತ್ತದೆ. ತನ್ನನ್ನು ಬಿಟ್ಟರೋ ಇಲ್ಲವೋ ಎಂದು ಬಾಯಿ ಬಿಟ್ಟು ಕೇಳಲು ಹೋಗಲಿಲ್ಲ. ಎಳೆದರೆ ಎಲ್ಲಿ ಹರಿಯುತ್ತದೋ ಎಂಬ ಅಂಜಿಕೆ. ಅವತ್ತು ಉದಗೀರಿಗೆ ತೊಗರಿ ಮುಟ್ಟಿಸುವುದಿತ್ತು. ದಾರಿಯುದ್ದಕ್ಕೂ ಕಿಟಕಿಯ ಗಾಜು ಇಳಿಸಿ ಬಿಸಿಗಾಳಿಗೆ ಮುಖ ಕೊಟ್ಟು ಗಾಡಿ ಓಡಿಸಿದ. ಮಾಲು ಇಳಿಸಿ, ಸೀಟಿನ ಕೆಳಗೆ ಪಾಡವಾದಿಂದ ಬಿದ್ದುಕೊಂಡಿದ್ದ ಕುರಿಗತ್ತರಿಯನ್ನು ತೆಗೆದುಕೊಂಡು ಸಾಣೆಯವನ ಹತ್ತಿರ ಹೋದ. ಅದು ಮಾಣಿಕಪ್ಪನ ಕತ್ತರಿ. ಹಿಡಿಕೆಗೆ ಸುತ್ತಿದ್ದ ಅರಿವೆಯ ಮೇಲೆ ತಂದೆಯ ಹೆಬ್ಬೆರಳಿನ ಗುಳಿ ಇನ್ನೂ ಇತ್ತು. ಸಾಣೆಯವನು ಅಂಚನ್ನು ಉಗುರಿನ ಮೇಲೆ ಆಡಿಸಿ, “ಕಡಕ್ ಝಾಲಿ,” ಹರಿತ ಆಯಿತು, ಎಂದ. ಶ್ರೀಮಂತ ಅಲ್ಲಿಂದಲೇ ಕಾಶೆಪ್ಪನಿಗೆ ಫೋನು ಮಾಡಿದ.

“ಕಾಕಾ, ಇಪ್ಪತ್ತೆರಡಕ್ಕ ನಾ ಬರ್ಲತ್ತೀನಿ. ನಿನ್ನ ಹಿಂಡಿಗಿ ಮೊದಲ ಕತ್ತರಿ ನಂದೇ.”

“ನಿಮ್ಮಪ್ಪ ಬ್ಯಾರೆ ಅಂದನಲೋ?”

“ಅಪ್ಪಂದ ಬಿಡು. ಬರ್ತೀನಿ ಅಂದ್ರ ಬರ್ತೀನಿ.”

“ಮಾತ ಕೊಡ್ಲತ್ತಿ ನೋಡು. ನಾಕ ಮನಿಯವರಿಗಿ ಹೇಳ್ತೀನಿ ನಾ.”

“ಹೇಳು.”

ಕತ್ತರಿಯನ್ನು ಚೀಲದ ತುಂಡಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮೂರೂವರೆಗೆ ಉಮರ್ಗಾ ಮುಟ್ಟಿದ. ಅಂಗಡಿಯಲ್ಲಿ ನಿನ್ನೆಯ ಮಂದಿಯೇ ಸೇರಿತ್ತು. ಭೀಮಾಶಂಕರ ಮತ್ತೆ ಚಹಾದ ಕಪ್ಪು ಹಿಡಿದು ಕೂತಿದ್ದ. ಆಯಿಯೂ ಲಿಫ್ಟಿನಲ್ಲಿ ಇಳಿದು ಬಂದು ಕುರ್ಚಿಯ ಮೇಲೆ ಕೂತಿದ್ದರು. ಶ್ರೀಮಂತ ಹೊಸ್ತಿಲು ದಾಟಿದ್ದೇ ಧೀರಜ ಕುಂಟುತ್ತ ಎದ್ದು ಬಂದು, ಹೆಗಲ ಮೇಲೆ ಕೈ ಹಾಕಿ, ಮೊಬೈಲು ಮುಖದ ಮುಂದೆ ಹಿಡಿದ.

“ನೋಡು.”

ಎಂಟು ಹೆಸರು. ಇಂಗ್ಲಿಷ್ ಅಕ್ಷರ. ಎಂಟನೆಯದರ ಪಕ್ಕದಲ್ಲಿ ಒಂದು ಸಣ್ಣ ಫೋಟೋ. ಮೂರು ವರ್ಷದ ಹಿಂದೆ ಕೆಲಸಕ್ಕೆ ಸೇರುವಾಗ ಕೊಟ್ಟ ಆಧಾರ್ ಕಾರ್ಡಿನ ನಕಲು ಗಲ್ಲಾದ ಖಾನೆಯಲ್ಲೇ ಬಿದ್ದಿತ್ತು. ಅದರೊಳಗಿನ ಫೋಟೋ. ಅವನನ್ನು ಕೇಳುವ ಪ್ರಸಂಗವೇ ಬಂದಿರಲಿಲ್ಲ.

“ನಿಂದೂ ಪಾಸ್,” ಧೀರಜನ ಮುಖ ಅರಳಿತ್ತು, ಒಳಗೊಂದು ಹೊರಗೊಂದು ಇರಲಿಲ್ಲ. “ನೀ ಹೇಳದಿದ್ರ ಎರಡನೇ ದಿವಸಕ್ಕ ನಾವೆಲ್ಲಾ ಹೋಟೆಲದಾಗ ಬಿದ್ಕೊಂಡಿರ್ತಿದ್ವಿ. ಗುಡ್ಡ ತಿಳದಾಂವ ನೀ ಒಬ್ಬನೇ. ನಿನ್ನ ಬಿಟ್ಟು ಹ್ಯಾಂಗ ಹೋಗಲಿ? ಈಗ ನೀ ಬುಡದಿಂದ ನಡಿಯೋದ ಬ್ಯಾಡ, ನಮ್ಮ ಬಾಜೂಕ ಕೂತು ಬಾ.”

“ಇದು...” ಶ್ರೀಮಂತ ಎಂಟನೇ ಹೆಸರಿನ ಮೇಲೆ ಬೆರಳಿಟ್ಟ. “ತಗಸಲಾಕ ಬರೋದಿಲ್ಲೇನ್ರೀ?”

“ಹೆಸರು ಬಿದ್ದ ಮ್ಯಾಲ ವಾಪಸ್ ಇಲ್ಲ. ಯಾಕ?”

“ನನ್ನ ಬಾಜೂಕ ಕೂಡಬೇಕು ನೀನು,” ಎಂದರು ಕುಸುಮಬಾಯಿ ಪ್ರೀತಿಯಿಂದ. “ತೊಟ್ಟಿಲ ಅಳ್ಳಾಡ್ತಂದ್ರ ನನಗ ಅಂಜಕಿ ಬರ್ತದ. ಇವರ್ಯಾರೂ ನನ್ನ ಕೈ ಹಿಡಿಯೋದಿಲ್ಲ.”

ಶ್ರೀಮಂತ ಆ ಫೋಟೋದೊಳಗಿನ ಹುಡುಗನನ್ನು ನೋಡಿದ. ಎರಡು ದಿನ ತಲೆ ಓಡಿಸಿ ತಾನೇ ಒಂದೊಂದು ಎಳೆ ಹೊಸೆದು ಮಾಡಿದ ಹಗ್ಗ. ಈಗ ಅದರ ಕುಣಿಕೆ ತನ್ನ ಕೊರಳಿಗೇ ಬಂದು ಕೂತಿತ್ತು. ಅದೂ ಉಡುಗೊರೆಯಾಗಿ. ಬೈದು ಎಳೆದುಕೊಂಡು ಹೋಗಿದ್ದರೆ ಸಿಟ್ಟಿಗೆ ಒಂದು ಜಾಗವಾದರೂ ಇರುತ್ತಿತ್ತು. ಇವರೆಲ್ಲ ಅವನ ಮುಖದಲ್ಲಿ ಸಂತೋಷ ಹುಡುಕುತ್ತಿದ್ದರು.

ವಿಶ್ವನಾಥಪ್ಪ ಗಾದಿಯ ಮೇಲೆ ನೆಟ್ಟಗೆ ಕೂತು, ಭೀಮಾಶಂಕರನ ಕಡೆಗೆ ಕಣ್ಣು ಮಿಟುಕಿಸಿದರು.

“ನೋಡ್ರಪಾ, ನಾ ಸೋತೆ. ನಮ್ಮ ಕುರಿಗೂ ಟಿಕೀಟ್ ಆಯ್ತು!”

ನಿನ್ನೆಗಿಂತ ದೊಡ್ಡ ನಗೆ. ಹಮಾಲರಲ್ಲೊಬ್ಬ ಸೀಟಿ ಹೊಡೆದ.

“ಏನೋ ಶ್ರೀಮಂತ್ಯಾ, ಖುಷಿ ಆದಿ ಇಲ್ಲೋ? ಬಾಯಿ ಬಿಡು. ಬರ್ತೀ ಅಲಾ?”

ಎಲ್ಲರೂ ಅವನ ಬಾಯಿಯನ್ನೇ ನೋಡಿದರು. ಆ ಬಾಯಲ್ಲಿ ಎರಡು ದಿನದ ಮಾತಿತ್ತು. ಬಸ್ಸಿನ ಮರಿ ಇತ್ತು, ಪಾಡವಾದ ಮಾತಿತ್ತು, ಇನ್ನೂ ಕೆಟ್ಟದ್ದಿತ್ತು. ಆದರೆ ತಂದೆಯ ಆಣೆಯೂ ಇತ್ತು: ಒಂದು ಮಾತೂ ಆಡಬೇಡ. ಕಾಶೆಪ್ಪ ಇಷ್ಟೊತ್ತಿಗೆ ನಾಲ್ಕು ಮನೆಗೆ ಹೇಳಿಯೂ ಮುಗಿಸಿರಬೇಕು.

ಅವನು ಜೇಬಿನಿಂದ ಗಾಡಿಯ ಚಾವಿ ತೆಗೆದ. ಗೋಡೆಯ ಮೊಳೆಗೆ ಹಾಕುವ ರೂಢಿ. ಇವತ್ತು ಅದನ್ನು ಗಾದಿಯ ಮುಂದಿನ ಮೇಜಿನ ಮೇಲೆ, ಸಾಹುಕಾರರ ಕೈಗೆ ಸಿಗುವಲ್ಲಿ ಇಟ್ಟ. ಸೊಂಟದ ಕತ್ತರಿ ಸರಿಮಾಡಿಕೊಂಡು ತಿರುಗಿದ.

“ಅರೇ, ಎಲ್ಲಿಗಿ? ನಾ ಕೇಳಲತ್ತೀನಲಾ!”

ಹೊಸ್ತಿಲು ದಾಟಿದ.

“ಏ ಶ್ರೀಮಂತ್ಯಾ! ಬಾವಿ...” ಸಾಹುಕಾರರ ದನಿ ಗದ್ದಲದಲ್ಲಿ ಅರ್ಧಕ್ಕೇ ಮುಳುಗಿತು. “ಬಿಸಲ ಅದಪಾ, ತಲಿಮ್ಯಾಲ ಏನರೆ ಹಾಕೋ,” ಎಂದು ಕುಸುಮಬಾಯಿ ಒಳಗಿನಿಂದ ಕೂಗಿದ್ದು ಮಾತ್ರ ಪೂರ್ತಿ ಕೇಳಿಸಿತು.

ಪೇಟೆ ದಾಟಿ ಹೆದ್ದಾರಿಗೆ ಬಂದ. ತುರೋರಿಗೆ ಹೋಗುವ ಜೀಪಿನವನು ಹಾರ್ನು ಹೊಡೆದು ನಿಧಾನ ಮಾಡಿದ, ಇವನು ಹತ್ತಲಿಲ್ಲ. ಚಾವಿ ಇಟ್ಟ ಮೇಲೆ ಸಾಹುಕಾರರ ಬಾವಿಯ ನೀರು ಇನ್ನಿಲ್ಲ; ರಾತ್ರಿಯೊಳಗೆ ಆ ಹೊಲದಿಂದ, ಹಿಂಡಿನ ಸುತ್ತ ಕಟ್ಟಿದ ಬಲೆ ಕಿತ್ತು ನೂರಾ ಇಪ್ಪತ್ತು ಕುರಿಯನ್ನು ಎಬ್ಬಿಸಬೇಕು. ಕಾಶೆಪ್ಪನ ಹೊಲದ ಹೊಂಡದಲ್ಲಿ ಅರ್ಧ ನೀರು, ಅರ್ಧ ಕೆಸರು. ಎಷ್ಟು ದಿನ ಬರುತ್ತದೋ ಯಾರಿಗೆ ಗೊತ್ತು. ಜೇಬಿನಲ್ಲಿ ಫೋನು ನಡುಗಿತು, ನಿಂತಿತು, ಮತ್ತೆ ನಡುಗಿತು. ಅವನು ಅದನ್ನು ತೆಗೆಯದೆ, ಲಾರಿಗಳು ಎಬ್ಬಿಸಿದ ಧೂಳಿನೊಳಗೆ ಡಾಂಬರಿನ ಅಂಚು ಹಿಡಿದು ನಡೆಯುತ್ತ ಹೋದ.